ಮಂಕಿಕ್ಯಾಪ್ ಮೀಮಾಂಸೆ: ಕೆಲವು ನೆಲೆಗಳು, ಕೆಲವು ಎಳೆಗಳು

1. ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಕೋಲಾರ ಚಿನ್ನದ ಗಣಿ ಪ್ರದೇಶದ ಶೀತಕಾಲೀನ ಶಿರಸ್ತ್ರಾಣ ಸಂಕಥನವನ್ನು ಅದರ ಸಾಮಾಜಿಕ, ಸಾಂಸ್ಕೃತಿಕ, ತಾತ್ವಿಕ ಹಾಗೂ ಉಲ್ಲನಿಕ ಆಯಾಮಗಳಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ನೆಟ್ಟಗೆ ಹೇಳುವುದಾದರೆ ಇದು ನಮ್ಮತ್ತೆ ಹೆಣೆದ ಒಂದು ಟೋಪಿಯ ವಿಷಯ. ಆದರೆ ನೆಟ್ಟಗೆ ಹೇಳಿದ್ದು ಪ್ರಬಂಧವಾಗುವುದಿಲ್ಲ ಎಂಬ ತಿಳಿವಳಿಕೆ ನನಗೆ ಒಂದು ವಿಚಾರ ಸಂಕಿರಣದಲ್ಲಿ, ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪ್ರಾಪ್ತವಾಗಿದೆ.

ಅಧ್ಯಯನದ ವ್ಯಾಪ್ತಿ: ಒಂದು ತುದಿಗೆ ಬಂಗಾರಪೇಟೆ ಜಂಕ್ಷನ್, ಇನ್ನೊಂದು ತುದಿಗೆ ಮಾರಿಕುಪ್ಪಂ. ನಡುವೆ ಕೋರಮಂಡಲ್, ಊರ್ಗಾಂ, ಚಾಂಪಿಯನ್. ಮಿತಿ: ಸಂಶೋಧಕಿಯ, ಅಂದರೆ ನನ್ನ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಕಪ್ಪು ಉಲ್ಲನ್ನಿನಲ್ಲಿ ಹೊಲಿಗೆ ಎಣಿಸಲು ಕೈಲಾಗದು. ಪುಣ್ಯಕ್ಕೆ ಟೋಪಿ ಬೂದು ಬಣ್ಣದ್ದು.

ಪೂರ್ವಸೂರಿಗಳು: ಒಬ್ಬರೇ. ಅವರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಮುಂದೆ ಸಲ್ಲಿಸಲಾಗುವುದು.

2. ಪರಿಭಾಷೆಯ ಸಮಸ್ಯಾತ್ಮಕತೆ

'ಸಮಸ್ಯೆ' ಎಂದರೆ ಸಾಕಾಗುತ್ತಿತ್ತು. ಆದರೆ 'ಆತ್ಮಕತೆ' ಸೇರಿಸದಿದ್ದರೆ ಸಮಸ್ಯೆಗೆ ಆತ್ಮವಿಲ್ಲವೆಂದು ಭಾವಿಸುವ ಪಂಥವೊಂದು ನಮ್ಮಲ್ಲಿದೆ. ಅವರ ಮನ ನೋಯಿಸಬಾರದು.

ತಲೆಗೆ ಹಾಕುವ ಹೆಣೆದ ವಸ್ತುವಿಗೆ ಕನ್ನಡದಲ್ಲಿ ಹಲವು ಹೆಸರು. ಹಸುಗೂಸಿನದಾದರೆ ಕುಲಾವಿ, ಇದು ಪಾರಸಿಯ ಕುಲಾಹದಿಂದ ಬಂದದ್ದು ಅನ್ನುತ್ತಾರೆ. ಶಾಲೆಗೆ ಹೋಗುವ ಮಗುವಿನದಾದರೆ ಉಲ್ಲನ್ ಟೋಪಿ. ಬೆಳಗಿನ ಜಾವ ಹಾಲು ತರಲು ಹೋಗುವ ಗಂಡಸಿನದಾದರೆ ಮಂಕಿಕ್ಯಾಪ್. ಕಣ್ಣು, ಮೂಗು, ಮೀಸೆಯ ಅರ್ಧ ಭಾಗ ಬಿಟ್ಟು ಉಳಿದದ್ದೆಲ್ಲ ಒಳಗೆ.

ಈ ಮಂಕಿಕ್ಯಾಪಿನ ಮೂಲ ಹುಡುಕುತ್ತ ಹೋದರೆ ಕ್ರಿಮಿಯಾ ಸಿಗುತ್ತದೆ. 1854ರಲ್ಲಿ ಬಾಲಕ್ಲಾವಾ ಎಂಬಲ್ಲಿ ಯುದ್ಧವಾಯಿತು. ಚಳಿಗೆ ನಡುಗುತ್ತಿದ್ದ ಇಂಗ್ಲಿಷ್ ಸಿಪಾಯಿಗಳ ತಲೆಗೆಂದು ಹೆಣೆದ ಟೋಪಿಗೆ ಆಮೇಲೆ ಆ ಊರಿನ ಹೆಸರೇ ಬಂತು. ಅಲ್ಲಿ ಕುದುರೆ ದಂಡನ್ನು ಫಿರಂಗಿಗಳ ಬಾಯಿಗೆ ನಡೆಸಿದವನು ಕಾರ್ಡಿಗನ್ ಪ್ರಭು. ಅವನ ಹೆಸರು ಮುಂದೆ ಗುಂಡಿಯಿರುವ ಸ್ವೆಟರಿಗೆ ಸಂದಿತು. ಒಟ್ಟು ಸೈನ್ಯದ ಯಜಮಾನ ರಾಗ್ಲನ್ ಪ್ರಭು. ಕುತ್ತಿಗೆಯಿಂದ ಓರೆಯಾಗಿ ಇಳಿಯುವ ತೋಳಿಗೆ ಅವನ ಹೆಸರು. ಕಾಲುಚೀಲದ ಬೆರಳಿನ ಕಡೆ ಹೊಲಿಗೆ ಕಾಣದ ಹಾಗೆ ಮುಚ್ಚುವ ವಿದ್ಯೆಗೆ ಕಿಚನರ್ ಹೊಲಿಗೆ ಅನ್ನುತ್ತಾರೆ. ಆ ಕಿಚನರ್ 1902ರಿಂದ 1909ರವರೆಗೆ ಇಂಡಿಯಾದ ದಂಡಿಗೆ ಮುಖ್ಯಸ್ಥನಾಗಿದ್ದವನು.

ಈ ಪ್ರಭುಗಳಲ್ಲಿ ಯಾರಾದರೂ ಕಡ್ಡಿ ಹಿಡಿದು ಕೂತದ್ದನ್ನು ಯಾವ ಇತಿಹಾಸಕಾರನೂ ಬರೆದಿಲ್ಲ. ಹೆಣೆದವರು ಹೆಂಗಸರು, ಹೆಸರಾದವರು ಜನರಲ್‌ಗಳು. ನಮ್ಮ ಸೀಮೆಯಲ್ಲೂ ಇದೇ ವ್ಯಾಕರಣ. ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಲೂಯಿನ್ ಬೌರಿಂಗರ ಹೆಸರಿನದು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಈಗಲೂ ಇವೆ. ಅತ್ತೆಯ ಹೆಸರಿನ ಪೇಟೆ ಬೇಡ. ಒಂದು ಟೋಪಿ ಸಾಕಿತ್ತು.

3. ಉಷ್ಣ-ಶೀತ ದ್ವಂದ್ವದ ಭೌಗೋಳಿಕ ನೆಲೆಗಟ್ಟು

ಗಣಿಯ ಊರಿನಲ್ಲಿ ಉಲ್ಲನ್ ಯಾಕೆ? ಎಲ್ಲ ಪ್ರಬಂಧಕಾರರೂ ಇಲ್ಲಿ 'ಪುಟ್ಟ ಇಂಗ್ಲೆಂಡ್' ಎಂಬ ಮಾತನ್ನು ತರುತ್ತಾರೆ. ಜಾನ್ ಟೇಲರ್ ಕಂಪೆನಿ 1880ರಲ್ಲಿ ಬಂತು, ಬಂಗಲೆ ಬಂತು, ಕ್ಲಬ್ಬು ಬಂತು, ಗಾಲ್ಫ್ ಬಂತು, ದೊರೆಸಾನಿಯರು ಬಂದರು, ಅವರ ಜೊತೆ ಕಡ್ಡಿಯೂ ಬಂತು. ನಿಜ. ಅತ್ತೆ ಕಲಿತದ್ದೂ ಊರ್ಗಾಂ ಕಡೆಯ ಒಂದು ಬಂಗಲೆಯ ಹಿಂಬಾಗಿಲಲ್ಲೇ. ಆದರೆ ಕಲಿತದ್ದು ಒಂದು, ಹೆಣೆದದ್ದು ಯಾಕೆ ಎಂಬುದು ಇನ್ನೊಂದು.

ಮಾವ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸದವರು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ. ತೀರಾ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಣ್ಣನೆ ಗಾಳಿ ನೂಕದಿದ್ದರೆ ಮನುಷ್ಯ ನಿಲ್ಲುವ ಜಾಗವೇ ಅಲ್ಲ. ಅಲ್ಲಿ ಎಂಟು ಗಂಟೆ ಬೆವರಿ, ಅಂಗಿ ಮೈಗಂಟಿಸಿಕೊಂಡು, ಕೇಜಿನಲ್ಲಿ ಮೇಲೆ ಬಂದರೆ ಡಿಸೆಂಬರಿನ ನಸುಕು. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಬಯಲು, ಎದುರಿಗೆ ಸೈನೈಡ್ ಗುಡ್ಡದ ಬಿಳಿ ಧೂಳು ಹೊತ್ತ ಗಾಳಿ. ಶಾಫ್ಟಿನ ಬಾಯಿಂದ ಲೈನ್ ಮನೆಗೆ ನಡೆದು ಬರುವಷ್ಟರಲ್ಲಿ ಕಿವಿ ಮರಗಟ್ಟುತ್ತಿತ್ತಂತೆ.

"ಒಳಗಡೆ ಬೇಯ್ತಾರೆ, ಈಚೆ ಬಂದ್ರೆ ನಡುಗ್ತಾರೆ. ಇವ್ರ ತಲೆಗೆ ನಾನೇ ಏನಾದ್ರೂ ಮಾಡ್ಬೇಕಲ್ಲಮ್ಮಾ" ಎಂದಿದ್ದರು ಅತ್ತೆ. ಉಷ್ಣ-ಶೀತ ದ್ವಂದ್ವದ ನೆಲೆಗಟ್ಟು ಎಂದರೆ ಇಷ್ಟೇ. ಸಂಕಿರಣದಲ್ಲಿ ಇದಕ್ಕೆ ಹನ್ನೊಂದು ಸ್ಲೈಡ್ ಆಗಿತ್ತು.

4. ವರ್ಗೀಕರಣ

ವರ್ಗೀಕರಿಸದೆ ಸಂಶೋಧನೆಯಿಲ್ಲ. ಹೆಣೆಯುವ ಹೆಂಗಸರನ್ನು ಒಟ್ಟು ಆರು ವರ್ಗಗಳಾಗಿ ವಿಂಗಡಿಸಬಹುದು.

ಅ) ಅನುಕರಣಾತ್ಮಕ ಹೆಣಿಗೆಗಾರ್ತಿ: ಬಸ್ಸಿನಲ್ಲಿ ಮುಂದಿನ ಸೀಟಿನವಳ ಸ್ವೆಟರಿನ ಬೆನ್ನನ್ನು ನೋಡುತ್ತಲೇ ಡಿಸೈನ್ ಕದಿಯುವವಳು. ಬಂಗಾರಪೇಟೆಯಲ್ಲಿ ಹತ್ತಿದರೆ ಕೋಲಾರ ಬರುವಷ್ಟರಲ್ಲಿ ಮುಗಿದಿರುತ್ತದೆ. ಮುಂದಿನ ಸೀಟಿನವಳು ಮಧ್ಯೆ ಇಳಿದುಬಿಟ್ಟರೆ ಹಿಂಬಾಲಿಸಿ ಇಳಿದ ನಿದರ್ಶನವೂ ಇದೆ. ಆ ನಿದರ್ಶನ ನಾನೇ.

ಆ) ಸಂಪ್ರದಾಯನಿಷ್ಠ ಹೆಣಿಗೆಗಾರ್ತಿ: ಒಂದು ಸೀದಾ, ಒಂದು ಉಲ್ಟಾ. ಹುಟ್ಟಿದ ಮಗುವಿನಿಂದ ಹಿಡಿದು ರಿಟೈರಾದ ಹೆಡ್‌ಮೇಷ್ಟ್ರವರೆಗೆ ಎಲ್ಲರಿಗೂ ಒಂದೇ ಡಿಸೈನ್, ಒಂದೇ ಮೆರೂನ್ ಬಣ್ಣ.

ಇ) ಪ್ರಯೋಗಶೀಲ ಹೆಣಿಗೆಗಾರ್ತಿ: ಇವರು

ಸಾಕು. ಅ, ಆ, ಇ, ಈ, ಉ, ಊ ಎಲ್ಲ ಅತ್ತೆಯೇ. ಬೇರೆ ಬೇರೆ ವರ್ಷದ ಅತ್ತೆ. ಮದುವೆಯಾಗಿ ಬಂದ 1960ರಲ್ಲಿ ಕದ್ದು ಕಲಿತವರು, ಆಮೇಲೆ ನಿಷ್ಠೆಯಿಂದ ಅದನ್ನೇ ಹೆಣೆದವರು, ಆಮೇಲೆ ಅದು ಬೇಸರವಾಗಿ ಸ್ವಂತ ಬುದ್ಧಿ ಓಡಿಸಿದವರು. ಮನುಷ್ಯರನ್ನು ಪೆಟ್ಟಿಗೆಗೆ ಹಾಕುವ ಈ ಕೆಲಸ ನನಗೆ ಮೊದಲಿಂದಲೂ ಒಗ್ಗದು.

5. ಗೇಜಿನ ಬಹುತ್ವ

ಇದು ಪ್ರಬಂಧದ ತಿರುಳು. ಡಿಸೈನ್ ಮಾಡುವುದೆಂದರೆ ಚೆಂದದ ಹೂ ಬಿಡಿಸುವುದು ಅಂದುಕೊಂಡವರಿದ್ದಾರೆ. ಡಿಸೈನ್ ಎಂದರೆ ಲೆಕ್ಕ. ಲೆಕ್ಕದ ಬುಡ ಗೇಜ್: ನಿಮ್ಮ ದಾರ, ನಿಮ್ಮ ಕಡ್ಡಿ, ನಿಮ್ಮ ಕೈಬಿಗಿ ಮೂರೂ ಸೇರಿ ನಾಲ್ಕು ಇಂಚಿಗೆ ಎಷ್ಟು ಹೊಲಿಗೆ ಕೂರುತ್ತದೆ ಅನ್ನುವುದು. (ಕಡ್ಡಿಯ ಮೇಲಿನ ಒಂದೊಂದು ಕುಣಿಕೆಗೂ ನಮ್ಮ ಮನೆಯಲ್ಲಿ ಹೊಲಿಗೆ ಅನ್ನುತ್ತೇವೆ.) ಮೊದಲು ಅಂಗೈಯಗಲ ಒಂದು ತುಂಡು ಹೆಣೆದು, ಸ್ಕೇಲಿಟ್ಟು ಎಣಿಸಬೇಕು. ಇಬ್ಬರ ಕೈಬಿಗಿ ಒಂದೇ ಇರುವುದಿಲ್ಲ. ಒಬ್ಬಳದೇ ಕೈ ಕೂಡ, ಮನೆಯಲ್ಲಿ ಜಗಳವಾದ ದಿನ ಬೇರೆ.

ಗೇಜ್ ಅಂದರೆ ಏನೆಂದು ಬಂಗಾರಪೇಟೆಯವರಿಗೆ ಹೇಳಿಕೊಡಬೇಕಿಲ್ಲ. ಹಿಂದೆ ಒಂದೇ ಸ್ಟೇಷನ್ನಿನಲ್ಲಿ ಐದೂವರೆ ಅಡಿ ಅಗಲದ ದೊಡ್ಡ ಹಳಿ ಮದರಾಸಿಗೆ, ಎರಡೂವರೆ ಅಡಿಯ ಪುಟ್ಟ ಹಳಿ ಕೋಲಾರಕ್ಕೆ ಇದ್ದವು. ದೊಡ್ಡ ಗಾಡಿಯಿಂದಿಳಿದು ಗಂಟುಮೂಟೆ ಹೊತ್ತು ಪುಟ್ಟ ಗಾಡಿಗೆ ಓಡಿದವರಿಗೆ ಗೊತ್ತು, ಎರಡು ಗೇಜ್ ಬೆರೆಸಿದರೆ ಯಾವ ಗಾಡಿಯೂ ಓಡುವುದಿಲ್ಲವೆಂದು. ನನಗೆ ಮಾತ್ರ ಗೊತ್ತಿರಲಿಲ್ಲ.

ಒಮ್ಮೆ ಅಮೆರಿಕದಿಂದ ಬಂದ ನೆಂಟರು ಅಲ್ಲಿಯ ಹೆಣಿಗೆ ಪುಸ್ತಕವೊಂದನ್ನು ಬಿಟ್ಟುಹೋದರು. ಎಂಟನೇ ನಂಬರ್ ಕಡ್ಡಿಯಲ್ಲಿ 96 ಹೊಲಿಗೆ ಹಾಕಿಕೊಳ್ಳಿ ಎಂದಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡ ಎಂಟನೇ ನಂಬರ್ ಕಡ್ಡಿ ಮನೆಯಲ್ಲೇ ಇತ್ತು. ಹನ್ನೆರಡು ದಿನ ಕೂತು ಹೆಣೆದೆ. ದೊಡ್ಡವರ ತಲೆಗೆಂದು ಹೊರಟದ್ದು ಹದಿನೇಳೂವರೆ ಇಂಚಿಗೆ ಬಂದು ನಿಂತಿತು. ಕೊನೆಗೆ ನಮ್ಮನೆ ಉಪ್ಪಿನಕಾಯಿ ಜಾಡಿಗೆ ಸರಿಹೋಯಿತು, ಈಗಲೂ ಹಾಕಿಕೊಂಡಿದೆ.

ಅತ್ತೆ ಕಡ್ಡಿಯನ್ನು ಬೆರಳಲ್ಲಿ ಉರುಳಿಸಿ ನೋಡಿ ಹೇಳಿದ್ದರು, "ಅವ್ರ ಎಂಟು ದಪ್ಪ ಕಣಮ್ಮಾ, ನಮ್ಮೆಂಟು ಸಣ್ಣದು." ಅಷ್ಟೇ ವಿಷಯ. ಅಮೆರಿಕದ ಎಂಟು ಅಂದರೆ ಐದು ಮಿಲಿಮೀಟರ್. ಅಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪ. ನಮ್ಮದು ಹಳೇ ಇಂಗ್ಲಿಷ್ ಲೆಕ್ಕ, ಎಂಟು ಅಂದರೆ ನಾಲ್ಕು ಮಿಲಿಮೀಟರ್. ನಂಬರ್ ಏರಿದಂತೆ ಕಡ್ಡಿ ಸಣ್ಣ. ಹತ್ತು ಅಂದರೆ ಮೂರೂಕಾಲು, ಹದಿನಾಲ್ಕು ಅಂದರೆ ಎರಡು. ಈ ತಲೆಕೆಳಗಿನ ಲೆಕ್ಕ ಬಂದದ್ದು ತಂತಿ ಕಾರ್ಖಾನೆಯಿಂದ. ಲೋಹದ ತಂತಿಯನ್ನು ಅಚ್ಚಿನ ತೂತಿನಲ್ಲಿ ಹೆಚ್ಚು ಸಲ ಎಳೆದಷ್ಟೂ ಅದು ತೆಳುವಾಗುತ್ತದೆ, ನಂಬರ್ ಹೆಚ್ಚುತ್ತದೆ. ಎಲೆಕ್ಟ್ರಿಷಿಯನ್ನರು ಈಗಲೂ ಅದೇ ನಂಬರಿನಲ್ಲಿ ತಂತಿ ಕೇಳುತ್ತಾರೆ.

ಹದಿನಾಲ್ಕು ನಂಬರಿನ ಇನ್ನೊಂದು ವಸ್ತು ಎಲ್ಲರ ಮನೆಯಲ್ಲೂ ಇತ್ತು: ಸೈಕಲ್ ಸ್ಪೋಕು. ಅತ್ತೆ ಮುರಿದ ಸ್ಪೋಕನ್ನು ನಾಲ್ಕಿಂಚಿಗೆ ತುಂಡು ಮಾಡಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ ಎರಡೂ ತುದಿ ಉಜ್ಜಿ, ಕೆನ್ನೆಗೆ ಒತ್ತಿ ನೋಡಿ, ಚುಚ್ಚದು ಅನ್ನಿಸಿದ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅದು ಹಗ್ಗದ ಡಿಸೈನಿಗೆ. ಆರು ಹೊಲಿಗೆಯಲ್ಲಿ ಮೊದಲ ಮೂರನ್ನು ಸ್ಪೋಕಿಗೆ ಎತ್ತಿ ಮುಂದೆ ಬಿಡುವುದು, ಹಿಂದಿನ ಮೂರನ್ನು ಮೊದಲು ಹೆಣೆಯುವುದು, ಆಮೇಲೆ ಸ್ಪೋಕಿನ ಮೂರು. ಎಂಟು ಸಾಲಿಗೊಮ್ಮೆ ಹೀಗೆ ಮಾಡಿದರೆ ಬಟ್ಟೆಯ ಮೇಲೆ ಹುರಿ ಹೊಸೆದ ಹಗ್ಗ ಏಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕೇಬಲ್ ಅನ್ನುತ್ತಾರೆ. ಗಣಿಯವರ ಬಾಯಲ್ಲಿ ಕೇಬಲ್ ಅಂದರೆ ಕೇಜನ್ನು ಇಳಿಸುವ, ಏರಿಸುವ ಉಕ್ಕಿನ ಹಗ್ಗ. ಅತ್ತೆ ಮಾವನ ಟೋಪಿಗೆ ಆ ಹಗ್ಗವನ್ನೇ ಹಾಕಿದರು. ಒಂದಲ್ಲ, ಒಂಬತ್ತು. ಒಂಬತ್ತೂ ಹಣೆಯಿಂದ ಏರುತ್ತ ನೆತ್ತಿಯಲ್ಲಿ ಬಂದು ಕೂಡುತ್ತವೆ, ಶಾಫ್ಟಿನ ಮೇಲಿನ ದೊಡ್ಡ ಗಾಲಿಯ ಅರೆಕಾಲುಗಳ ಹಾಗೆ. ಯಾವ ಪುಸ್ತಕದಲ್ಲೂ ನಾನು ಇದನ್ನು ನೋಡಿಲ್ಲ. ಇದು ಅವರದೇ.

6. ಪೂರ್ವಸೂರಿಗಳಿಗೆ ಸಲ್ಲುವ ಮರ್ಯಾದೆ

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾದ ಮೇಲೆ ಕೆಜಿಎಫ್‌ನಲ್ಲಿ ಚಿನ್ನ ನಿಂತು ಸಂಶೋಧನೆ ಹೊರಡತೊಡಗಿತು. ಟೇಪ್ ರೆಕಾರ್ಡರ್ ಹಿಡಿದವರು ಲೈನ್ ಮನೆಗಳ ಮುಂದೆ ಬಂದು, ಕೆಲಸ ಕಳಕೊಂಡವರನ್ನು "ಆಗ ನಿಮಗೆ ಏನನ್ನಿಸಿತು?" ಎಂದು ಕೇಳುತ್ತಿದ್ದರು. 2003ರಲ್ಲಿ ಅಂಥವರೊಬ್ಬರು ಅತ್ತೆಯ ಬಾಗಿಲಿಗೂ ಬಂದರು. ಸಭ್ಯರು. ಕಾಫಿ ಕುಡಿದರು. ಅತ್ತೆಯ ಕೈಗಳ ಫೋಟೊ ತೆಗೆದರು. ಟ್ರಂಕಿನಿಂದ ಅತ್ತೆ ಹಳೇ ಡೈರಿ ತೆಗೆದು ತೋರಿಸಿದರು. ಅದರಲ್ಲಿ ಇಪ್ಪತ್ತಕ್ಕೂ ಮೇಲೆ ಡಿಸೈನ್, ಎಲ್ಲ ಅವರೇ ಕಟ್ಟಿದ ಸಂಕೇತದಲ್ಲಿ. ಸೀ ಎಂದರೆ ಸೀದಾ, ಉ ಎಂದರೆ ಉಲ್ಟಾ, ಹ ಎಂದರೆ ಹಗ್ಗ, ಒ ಎಂದರೆ ಎರಡು ಒಟ್ಟಿಗೆ. ಅಂಕಿಗಳೆಲ್ಲ ಕನ್ನಡದವು. ನಡುವೆ ಲೈನಿನ ಅಕ್ಕಪಕ್ಕದವರು ಹೇಳಿದ ತಮಿಳು ಮಾತು, ಕನ್ನಡ ಅಕ್ಷರದಲ್ಲಿ. ಜೆರಾಕ್ಸ್ ಮಾಡಿಸಿ ತರುತ್ತೇನೆಂದು ಅವರು ಒಯ್ದರು. "ಓದಿದೋರು, ವಾಪಸ್ ಕೊಡದೆ ಇರ್ತಾರಾ?" ಅಂದರು ಅತ್ತೆ.

ಮೂರು ವರ್ಷದ ಮೇಲೆ ಸಂಕಿರಣದ ಆಹ್ವಾನ ಹೇಗೋ ನನ್ನ ಕೈಗೆ ಬಂತು, ಹೋದೆ. 'ಶೈತ್ಯ, ಶ್ರಮ ಮತ್ತು ಶಿರ: ಗಣಿ ಮಹಿಳೆಯ ಹೆಣಿಗೆಯಲ್ಲಿ ಅಂಚಿನ ಅಸ್ಮಿತೆಯ ಮುಖಾಮುಖಿ' ಎಂಬಂಥ ಒಂದು ಶೀರ್ಷಿಕೆ. ನಲವತ್ತು ನಿಮಿಷ. ಟೋಪಿ 'ಪಠ್ಯ'ವಾಗಿತ್ತು, ದಾರ 'ಕಥನ'ವಾಗಿತ್ತು, ಚಳಿ 'ಅಧಿಕಾರ ರಚನೆ'ಯಾಗಿತ್ತು. ಪರದೆಯ ಮೇಲೆ ಅತ್ತೆಯ ಕೈಗಳು ಮಾತ್ರ. ಕೆಳಗೆ: 'ವಕ್ತೃ-7. ಹೆಣ್ಣು. 62. ಅನಕ್ಷರಸ್ಥೆ.'

ನಾಲ್ಕನೇ ಕ್ಲಾಸು ಓದಿದವರು ಅತ್ತೆ. ಅವರೇ ಬರೆದ ಪುಸ್ತಕ ಆ ಮಹಾನುಭಾವರ ಕೈಯಲ್ಲಿತ್ತು. ಬರೆದವಳ ಪುಸ್ತಕ ಇಟ್ಟುಕೊಂಡು ಬರೆದವಳಿಗೆ ಅಕ್ಷರವಿಲ್ಲ ಎಂದು ಬರೆಯುವುದಕ್ಕೆ ಯಾವ ವಿದ್ಯೆ ಬೇಕೋ ನನಗೆ ತಿಳಿಯದು. ಅದು ಅಕ್ಷರ ಅಂತಲೇ ಅವರಿಗೆ ಅನ್ನಿಸಿರಲಿಕ್ಕಿಲ್ಲ. 'ಸೀ ೬ ಉ ೩' ಎಂದಿದ್ದನ್ನು ಓದಲು ಬಾರದವರು ಯಾರು ಹಾಗಾದರೆ?

ಪ್ರಶ್ನೋತ್ತರದಲ್ಲಿ ಎದ್ದು ನಿಂತು ಕೇಳಿದೆ: "ಆ ಟೋಪಿಗೆ ಎಷ್ಟು ಹೊಲಿಗೆ ಸಾರ್?"

"ಮೇಡಂ, ಅದು ತಾಂತ್ರಿಕ ವಿವರ. ನಮ್ಮ ಚರ್ಚೆ ತಾತ್ವಿಕ ನೆಲೆಯದು."

ಸಭೆ ಮೆಲ್ಲಗೆ ನಕ್ಕಿತು. ನಾನು ಕೂತೆ. ಆಗ ಹೇಳಲು ತೋಚದ ಮಾತನ್ನು ಈಗ ಹೇಳುತ್ತೇನೆ. ಅದೇ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, 1965ರಲ್ಲಿ ಟಾಟಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ನ್ಯೂಟ್ರಿನೊಗಳ ಗುರುತು ಹಿಡಿದರು. ಬಂಡೆಯನ್ನೇ ತೂರಿ ಹೋಗುವ, ಕಣ್ಣಿಗೆ ಕಾಣದ ವಸ್ತು. ತಿಂಗಳುಗಟ್ಟಲೆ ಕಾದರೆ ಬೆರಳಲ್ಲಿ ಎಣಿಸುವಷ್ಟು ಸಿಕ್ಕುತ್ತಿತ್ತು, ಎಣಿಸಿದರು, ಜಗತ್ತು ಒಪ್ಪಿತು. ಎಣಿಕೆ ತಾಂತ್ರಿಕ ವಿವರ, ಬಿಡಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಕಾಣದ್ದನ್ನು ಎಣಿಸಿದ ಊರು ಇದು. ಅದರ ಮೇಲ್ಗಡೆ ಕೂತ ಹೆಂಗಸಿನ, ಕಾಣುವ ಹೊಲಿಗೆ ಎಣಿಸಲು ಪುರುಸೊತ್ತಿಲ್ಲ.

ಸಂಕಿರಣದ ಊಟ ನನಗೆ ಸೇರಲಿಲ್ಲ. ಸಂಜೆ ಬಂಗಾರಪೇಟೆಗೆ ಬಂದು ತಿಳಿನೀರಿನ ಪಾನಿಪುರಿ ಎರಡು ಪ್ಲೇಟು ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಡೈರಿ ಬರಲಿಲ್ಲ. ಕಾಗದ ಬರೆದೆ, ಫೋನ್ ಮಾಡಿದೆ. ಮನೆ ಬದಲಾಯಿಸುವಾಗ ಎಲ್ಲೋ ಸೇರಿಹೋಗಿದೆ ಎಂದರು. ಅತ್ತೆ ನಾನು ಹೋದಾಗಲೆಲ್ಲ "ಆ ಪುಸ್ತಕ ಬಂತಾ?" ಅನ್ನುವರು. 2011ರವರೆಗೆ ಕೇಳಿದರು.

7. ಕೃತಿಸ್ವಾಮ್ಯ (ಬೇಗ ಮುಗಿಸುತ್ತೇನೆ)

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹೆಸರಿಲ್ಲದೆ ಪ್ರಕಟವಾದ ಕೃತಿಗೆ ಬೇರೆ ಸೆಕ್ಷನ್ನೇ ಉಂಟು: ಪ್ರಕಟವಾದ ಮೇಲೆ 60 ವರ್ಷ. ವಕ್ತೃ-7 ಎಂಬುದು ಹೆಸರೋ ಅಲ್ಲವೋ ವಕೀಲರೇ ಹೇಳಬೇಕು.

ಈಗ ಕಾಲ ಸುಧಾರಿಸಿದೆಯಂತೆ. ನನ್ನ ತಂಗಿಯ ಮಗಳು ಫೋನಿನಲ್ಲಿ ರ‍್ಯಾವೆಲ್ರಿ ಎಂಬುದನ್ನು ತೋರಿಸಿದಳು. 2007ರಲ್ಲಿ ಶುರುವಾದದ್ದು, ಲೋಕದ ಹೆಂಗಸರೆಲ್ಲ ತಮ್ಮ ಡಿಸೈನನ್ನು ತಮ್ಮದೇ ಹೆಸರಿನಲ್ಲಿ ಹಾಕುತ್ತಾರೆ, ಮಾರುತ್ತಾರೆ. ಹಾಕುವ ಮುಂಚೆ ನಾಲ್ಕು ಜನರ ಕೈಲಿ ಹೆಣೆಸಿ ನೋಡುತ್ತಾರೆ, ತಪ್ಪು ತಿದ್ದುತ್ತಾರೆ. "ಅಜ್ಜಿಯ ಟೋಪಿ ಹಾಕೋಣ ದೊಡ್ಡಮ್ಮ, ಅಜ್ಜಿ ಹೆಸರಲ್ಲೇ" ಅಂದಳು. ಹಾಕಬಹುದು. ಡೈರಿಯಿಲ್ಲ, ಟೋಪಿ ಇದೆ. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ನನಗೆ ಕೊಟ್ಟಿದ್ದರು. ಭೂತಗನ್ನಡಿ ಹಿಡಿದು, ಪ್ರತಿ ಹತ್ತು ಹೊಲಿಗೆಗೆ ಒಂದು ಗುಂಡುಪಿನ್ನು ಸಿಕ್ಕಿಸಿ, ಸಾಲುಸಾಲಾಗಿ ಎಣಿಸಿ ಬರೆದುಕೊಂಡಿದ್ದೇನೆ. ಎದುರು ಮನೆಯ ಹುಡುಗಿ ಎರಡು ಸಲ ಹೆಣೆದು ನೋಡಿದ್ದಾಳೆ.

8. ಪಠ್ಯ

ಕಡ್ಡಿ ಎಂಟು (ನಮ್ಮೆಂಟು, ನಾಲ್ಕು ಮಿಲಿಮೀಟರ್). ಬಗಲಲ್ಲಿ ಒಂದು ಸ್ಪೋಕು. ಬೂದು ಉಲ್ಲನ್.

110 ಹೊಲಿಗೆ ಹಾಕಿಕೊಳ್ಳಿ. ಎರಡು ತುದಿಯ ಒಂದೊಂದು ಹೊಲಿಗೆ ಕೊನೆಗೆ ಹಿಂದುಗಡೆ ಜೋಡಿಸಲಿಕ್ಕೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಟ್ಟಿ: ಸೀ 2, ಉ 2, ಮೂರು ಬೆರಳಗಲ. ಬೆರಳು ಅತ್ತೆಯವು, ಸಣ್ಣ. ನಿಮ್ಮದು ದಪ್ಪವಾಗಿದ್ದರೆ ಎರಡೂವರೆ.

ಮೈ: ಉ 3, ಸೀ 6, ಉ 3, ಹೀಗೆ ಒಂಬತ್ತು ಸಲ. ವಾಪಸ್ ಸಾಲಿನಲ್ಲಿ ಕಂಡದ್ದನ್ನು ಕಂಡ ಹಾಗೆ. ಎಂಟು ಸಾಲಿಗೊಮ್ಮೆ ಹಗ್ಗ ಹೊರಳಿಸಿ. ಹಗ್ಗ ಐದು ಸಲ ಹೊರಳುವವರೆಗೆ.

ನೆತ್ತಿ, 1ನೇ ಸಾಲು: ಹಗ್ಗಗಳ ನಡುವಿನ ಉಲ್ಟಾಗಳಲ್ಲಿ ಪ್ರತಿ ಹಗ್ಗಕ್ಕೆ ಎರಡು ಕಳೆಯಿರಿ. ಉಳಿದದ್ದು 92.

2ನೇ ಸಾಲು: ಕಂಡ ಹಾಗೆ.

3ನೇ ಸಾಲು: ಇನ್ನೂ ಎರಡೆರಡು ಕಳೆಯಿರಿ. 74.

4ನೇ ಸಾಲು: ಕಂಡ ಹಾಗೆ. 74.

5ನೇ ಸಾಲು: ಇಲ್ಲಿ ಅತ್ತೆ ಏನೋ ಮಾಡಿದ್ದಾರೆ. ಆರನೇ ಸಾಲಿಗೆ ಎಣಿಸಿದರೆ 38. ಒಂದೇ ಸಾಲಿನಲ್ಲಿ 36 ಹೊಲಿಗೆ ಕಾಣೆ, ಹಗ್ಗಕ್ಕೆ ನಾಲ್ಕರಂತೆ. ಹಗ್ಗ ಹೊರಳಿಸುತ್ತಲೇ ಮೇಲಿನ ಮೂರನ್ನೂ ಕೆಳಗಿನ ಮೂರನ್ನೂ ಜೋಡಿಜೋಡಿಯಾಗಿ ಒಟ್ಟಿಗೆ ಹೆಣೆದು, ಉಲ್ಟಾದಲ್ಲಿ ಒಂದು ಕಳೆದರೆ ಲೆಕ್ಕವೇನೋ ಕೂಡುತ್ತದೆ. ಆದರೆ ಹಾಗೆ ಮಾಡಿದರೆ ಒಂಬತ್ತು ಗಂಟು ಏಳುತ್ತವೆ, ನೆತ್ತಿಗೆ ಒತ್ತುತ್ತವೆ. ಎದುರು ಮನೆ ಹುಡುಗಿಯ ಎರಡು ಟೋಪಿಯಲ್ಲೂ ಎದ್ದಿವೆ. ಅತ್ತೆಯದರಲ್ಲಿ ಬೆರಳಾಡಿಸಿದರೆ ಏನೂ ಸಿಗುವುದಿಲ್ಲ, ನುಣ್ಣಗಿದೆ. ನೆತ್ತಿಯ ದಾರ ಬಿಚ್ಚಿ, ಮೇಲಿನಿಂದ ಹಿಂದಕ್ಕೆ ಸಾಲು ಸಾಲೇ ಉಚ್ಚುತ್ತ ಬಂದರೆ ಗೊತ್ತಾಗುತ್ತದೆ. "ಲೆಕ್ಕ ತಪ್ಪಿದ್ರೆ ಬಿಚ್ಚು, ಬಿಚ್ಚಕ್ಕೆ ನಾಚ್ಕೆ ಏನು?" ಅನ್ನುತ್ತಿದ್ದರು. ಕತ್ತರಿ ಎರಡು ಸಲ ಕೈಗೆ ತೆಗೆದುಕೊಂಡೆ. ಒಳಗಡೆ ಪಟ್ಟಿಯಲ್ಲಿ ಮಾವನ ತಲೆಯ ಎಣ್ಣೆಜಿಡ್ಡು ಇನ್ನೂ ಇದೆ.

6ನೇ ಸಾಲು: ಕಂಡ ಹಾಗೆ. 38.